ಮೂರನೆಯ ಭಾಗ ಮಾತ್ರ ಓದಿದ ಊರು

"ಆ ಪುಸ್ತಕ ಮಾರೋ ಮಾತೇ ಇಲ್ಲ, ಅಮ್ಮಾವ್ರೇ. ಕಾಗದದಲ್ಲೂ ಅದನ್ನೇ ಬರೆದಿದ್ದೆ. ಒಂದನೇ ಭಾಗ, ಎರಡನೇ ಭಾಗ ನಿಮ್ಮ ಹತ್ರ ಇದ್ರೆ ಹೇಳಿ, ನಾವೇ ಕೊಂಡ್ಕೋತೀವಿ."

ಇಷ್ಟು ಹೇಳಿ ಮಿಸೆಸ್ ಟ್ಯಾಪ್‌ಸ್ಕಾಟ್ ಸೂಜಿಯನ್ನು ಮತ್ತೆ ಚರ್ಮದೊಳಕ್ಕೆ ತೂರಿಸಿದಳು. ಅವಳು ಕ್ಲೋಬರಿ ಎಂಬ ಹಳ್ಳಿಯ ಅಂಚೆಯವಳು. ಅಂಚೆ ಕಚೇರಿ ಎಂದರೆ ಚಹಾ, ಮೇಣದಬತ್ತಿ, ಬೂಟಿನ ಲಾಡಿ ಮಾರುವ ಅಂಗಡಿಯ ಒಂದು ಮೂಲೆ, ಅಷ್ಟೆ. ಅದರ ಹಿಂದಿನ ಕೋಣೆಯಲ್ಲಿ ಐವರು ಹೆಂಗಸರು ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಕೈಗವಸು ಹೊಲಿಯುತ್ತಿದ್ದರು. ಪಟ್ಟಣದ ಕಾರ್ಖಾನೆಯವರು ಚರ್ಮ ಕತ್ತರಿಸಿ ಕಳಿಸುತ್ತಾರೆ, ಬೆರಳು ಬೆರಳಿಗೆ ಹೊಲಿಗೆ ಹಾಕುವುದು ಇವರ ಪಾಲು. ಒಲೆಯ ಪಕ್ಕದಲ್ಲಿ ಎಮೋಸ್ ಚಗ್ ಎಂಬ ಮುದುಕ ಕೂತಿದ್ದ. ಅವನಿಗೆ ಹೊಲಿಗೆ ಬರುತ್ತಿರಲಿಲ್ಲ, ಆದರೆ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ.

ಬಾಗಿಲಲ್ಲಿ ನಿಂತವರು ಇಬ್ಬರು. ಮುಂದೆ ಮಿಸ್ ಹೊನೋರಿಯಾ ವಾಶೆಲ್, ಅರವತ್ತೆರಡರ ಪ್ರಾಯ, ಹಿಮ್ಮಡಿ ಮುಟ್ಟುವ ಧೂಳಿನ ಕೋಟು, ಹ್ಯಾಟಿನ ಮೇಲಿಂದ ಗದ್ದಕ್ಕೆ ಬಿಗಿದ ಜಾಲರಿ, ಹಣೆಗೆ ಏರಿಸಿದ ಮೋಟಾರು ಕನ್ನಡಕ. ಅವರ ಹಿಂದೆ ಕೆಟೂರಾ ಬಿಡ್‌ಗುಡ್, ಇಪ್ಪತ್ತಾರು ವರ್ಷದಿಂದ ಅವರ ಬರವಣಿಗೆಯನ್ನು ಅಚ್ಚಿಗೆ ನಕಲು ಮಾಡಿಕೊಡುವವಳು, ಅವರ ಮನೆಯಲ್ಲೇ ಇರುವವಳು. ಅವಳ ಕೈಯಲ್ಲೊಂದು ಚೀಲ. ಚೀಲದೊಳಗೆ ಊರಿನವರು ಕೇಳಿದ ಅದೇ ಒಂದನೆಯ ಭಾಗ, ಎರಡನೆಯ ಭಾಗ.

"ನಾನು ಕೊಳ್ಳೋಕೆ ಬಂದಿಲ್ಲ," ಎಂದರು ಮಿಸ್ ವಾಶೆಲ್. "ಆ ಪುಸ್ತಕ ಬರೆದವಳೇ ನಾನು."

ಐದು ಸೂಜಿಗಳೂ ನಿಂತವು. ಕೆಟೂರಾ ನೆಲ ನೋಡಿದಳು.

ಒಂದು ಕಾಲಕ್ಕೆ ಮಿಸ್ ವಾಶೆಲ್ ಹೆಸರು ಕೇಳದ ಓದುಗರ ಮನೆಯೇ ಇರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಹತ್ತೊಂಬತ್ತು ಕಾದಂಬರಿ, ಒಂದೊಂದೂ ಮೂರು ಭಾಗ. ಆಗಿನ ವ್ಯಾಪಾರವೇ ಹಾಗಿತ್ತು. ಕಾದಂಬರಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ, ಚಂದಾ ಕಟ್ಟಿ ಗ್ರಂಥಾಲಯದಿಂದ ತರಿಸುತ್ತಿದ್ದರು. ಪುಸ್ತಕ ಮೂರು ತುಂಡಾಗಿದ್ದರೆ ಏಕಕಾಲಕ್ಕೆ ಮೂರು ಮನೆಯವರು ಓದಬಹುದು, ಗ್ರಂಥಾಲಯಕ್ಕೆ ಮೂರು ಚಂದಾ. ಕಥೆ ಒಂದೂವರೆ ಭಾಗದಷ್ಟೇ ಇದ್ದರೂ ಅದನ್ನು ಮೂರಕ್ಕೆ ಹಿಗ್ಗಿಸುವುದು ಬರೆಯುವವರ ತಲೆನೋವು. ಮಿಸ್ ವಾಶೆಲ್ ಅದರಲ್ಲಿ ಪಳಗಿದ ಕೈ. ಅವರ ನಾಯಕಿ ಮಹಡಿಯಿಂದ ಇಳಿದು ಕೆಳಗೆ ಬರುವಷ್ಟರಲ್ಲಿ ಆರು ಪುಟ ಮುಗಿದಿರುತ್ತಿತ್ತು. ಆಮೇಲೊಂದು ವರ್ಷ ಗ್ರಂಥಾಲಯದವರು ಮೂರು ಭಾಗದ ಪುಸ್ತಕ ಇನ್ನು ಸಾಕು ಎಂದರು. ಎರಡೇ ವರ್ಷದಲ್ಲಿ ಆ ಪುಸ್ತಕಗಳ ಕುಲವೇ ನಿಂತುಹೋಯಿತು, ಅದರ ಜೊತೆಗೆ ಮಿಸ್ ವಾಶೆಲ್ ಹೆಸರೂ ಹೋಯಿತು. ಅವರು ಅತ್ತದ್ದನ್ನು ಕೆಟೂರಾ ನೋಡಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ, ತೀರಿಹೋದ ಸೋದರತ್ತೆಯ ಪಾಲು ಕೈಗೆ ಬಂದಾಗ, ಒಂದು ಫ್ರೆಂಚ್ ಮೋಟಾರು ಕೊಂಡರು. ಜಿಲ್ಲೆಯಲ್ಲಿ ಮೋಟಾರು ಓಡಿಸುವ ಎರಡನೆಯ ಹೆಂಗಸು ಅವರು. ಮೊದಲನೆಯವಳು ಕಾಲು ಮುರಿದುಕೊಂಡು ಮನೆ ಹಿಡಿದ ಮೇಲೆ ಮೊದಲನೆಯವರೂ ಅವರೇ ಆದರು. ಕಾದಂಬರಿಯಲ್ಲಿ ತೋರಿಸಿದ ತಾಳ್ಮೆಯಲ್ಲಿ ಕಾಲುಭಾಗವನ್ನೂ ರಸ್ತೆಯಲ್ಲಿ ತೋರಿಸುತ್ತಿರಲಿಲ್ಲ. ಕೋಳಿ, ಹಂದಿ, ಪಾದ್ರಿ, ಎಲ್ಲರೂ ಬದಿಗೆ ಹಾರಬೇಕು.

ಈ ವಸಂತದಲ್ಲಿ ಒಬ್ಬ ಹೊಸ ಪ್ರಕಾಶಕ ಪತ್ರ ಬರೆದ. ಹಳೆಯ ಕಾದಂಬರಿಗಳನ್ನು ಆರು ಪೆನ್ನಿಯ ಅಗ್ಗದ ಮುದ್ರಣದಲ್ಲಿ ತರುತ್ತಿದ್ದೇನೆ, ತಮ್ಮ 'ಡ್ರೇಕಾಟ್ ಮನೆಯ ಉಯಿಲು' ನನ್ನ ತಾಯಿಗೆ ಬಹಳ ಮೆಚ್ಚಿಗೆಯಾಗಿತ್ತು ಎಂದ. ಷರತ್ತು ಎರಡು. ಅಚ್ಚಾದ ಪೂರ್ತಿ ಪ್ರತಿ ಹತ್ತು ದಿನದಲ್ಲಿ ತಲುಪಬೇಕು, ಮತ್ತು ಒಟ್ಟು ಪುಸ್ತಕದಲ್ಲಿ ಮೂರರಲ್ಲೊಂದು ಪಾಲನ್ನು ಕತ್ತರಿಸಿ ಹಾಕಿ ಕೊಡಬೇಕು.

ಮನೆಯಲ್ಲಿ ಮೊದಲ ಎರಡು ಭಾಗ ಇದ್ದವು, ಮೂರನೆಯದು ಇರಲಿಲ್ಲ. ಹಳೆಯ ಪ್ರಕಾಶಕರು ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಲಂಡನ್ನಿನ ದೊಡ್ಡ ಗ್ರಂಥಾಲಯದಲ್ಲಿ ಒಂದು ಪ್ರತಿ ಉಂಟು, ಆದರೆ ಅಲ್ಲಿಂದ ಪುಸ್ತಕ ಹೊರಗೆ ಬರುವುದಿಲ್ಲ, ಕೂತು ನಕಲು ಮಾಡಲು ಮೂರು ವಾರ ಬೇಕು. ಜಿಲ್ಲೆಯ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಬಂದದ್ದು ಒಂದೇ ಉತ್ತರ, ಕ್ಲೋಬರಿಯಿಂದ.

ಮೂರನೆಯ ಭಾಗ ಮನೆಯಲ್ಲಿ ಯಾಕಿರಲಿಲ್ಲ ಎನ್ನುವುದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದಿನ ಚಳಿಗಾಲದಲ್ಲಿ ಮಿಸ್ ವಾಶೆಲ್ ವಿಷಮಶೀತ ಜ್ವರದಿಂದ ಮಲಗಿದ್ದರು. ಈ ಕಾದಂಬರಿಯ ಮೊದಲ ಎರಡು ಭಾಗ ಅಚ್ಚಿಗೆ ಹೋಗಿದ್ದವು. ಮೂರನೆಯದು ಬಾರದಿದ್ದರೆ ಒಪ್ಪಂದ ಮುರಿಯಿತು ಎಂದು ಪ್ರಕಾಶಕರು ವಾರಕ್ಕೆರಡು ಕಾಗದ ಹಾಕುತ್ತಿದ್ದರು. ಆ ಕಾಗದಗಳನ್ನು ಒಡೆದು ಓದುವವಳು ಕೆಟೂರಾ. ಆರನೆಯ ಕಾಗದ ಬಂದ ದಿನ ಅವಳು ಹೊಸ ಹಾಳೆ ತೆಗೆದುಕೊಂಡು ಕೂತಳು. ಹತ್ತೊಂಬತ್ತು ದಿನಕ್ಕೆ ಮುನ್ನೂರ ಹನ್ನೆರಡು ಪುಟ ಬರೆದು, ಯಾವಾಗಲೂ ಮಾಡುವ ಹಾಗೆ ದಾರ ಕಟ್ಟಿ ಅಂಚೆಗೆ ಹಾಕಿದಳು. ಹತ್ತೊಂಬತ್ತು ಕಾದಂಬರಿಗಳಲ್ಲಿ ಅತಿ ಹೆಚ್ಚು ಬೇಡಿಕೆ ಬಂದದ್ದು ಇದಕ್ಕೇ. ವಿಮರ್ಶಕರು ಮೂರನೆಯ ಭಾಗವನ್ನು ಹೊಗಳಿದರು. ಮಿಸ್ ವಾಶೆಲ್ ಮೈ ಚೇತರಿಸಿಕೊಂಡು ವಿಮರ್ಶೆಗಳನ್ನು ಓದಿದರು, ಪುಸ್ತಕವನ್ನು ಓದಲಿಲ್ಲ. ಒಂದು ದಿನ ಕಪಾಟಿನಲ್ಲಿ ಒಂದು ಪುಸ್ತಕದ ಅಗಲದ ಸಂದಿ ಕಂಡಿತು. ಕೆಟೂರಾ ಕೇಳಲಿಲ್ಲ. ಅವರು ಹೇಳಲಿಲ್ಲ. ಸಂಬಳ ಮಾತ್ರ ಆ ವರ್ಷ ಸ್ವಲ್ಪ ಏರಿತು.

ಇವತ್ತು ಬೆಳಿಗ್ಗೆ ಕ್ಲೋಬರಿಯ ಗುಡ್ಡದ ಬುಡದಲ್ಲಿ ಮೋಟಾರು ನಿಂತಿತ್ತು. ಕಡಿದಾದ ಏರು ಬಂದರೆ ಅದನ್ನು ತಿರುಗಿಸಿ ನಿಲ್ಲಿಸಿ, ಹಿಮ್ಮುಖವಾಗಿ ಹತ್ತಿಸಬೇಕು. ಹಿಂದಕ್ಕೆ ಓಡುವ ಗೇರಿಗೇ ಬಲ ಹೆಚ್ಚು. ಮಿಸ್ ವಾಶೆಲ್ ಕತ್ತು ತಿರುವಿ ಹಿಂದೆ ನೋಡುತ್ತ ಚಕ್ರ ತಿರುಗಿಸುತ್ತಿದ್ದರು, ಭಾರ ಕಡಿಮೆಯಾಗಲೆಂದು ಕೆಟೂರಾ ಪಕ್ಕದಲ್ಲಿ ನಡೆಯುತ್ತಿದ್ದಳು.

"ಒಂದನೇ ಭಾಗದಲ್ಲಿ ಒಂದಕ್ಷರ ತೆಗೆಯೋ ಹಾಗಿಲ್ಲ," ಎಂದರು ಅವರು, ಎಂಜಿನ್ ಸದ್ದಿನ ಮೇಲೆ ಕೂಗುತ್ತ. "ಎರಡನೇದು ನೇಯ್ದ ಬಟ್ಟೆ ಇದ್ದ ಹಾಗಿದೆ, ಒಂದೆಳೆ ಎಳೆದ್ರೆ ಎಲ್ಲಾ ಬಿಚ್ಚಿಕೊಳ್ಳುತ್ತೆ. ಕತ್ತರಿಸೋದಿದ್ರೆ ಮೂರನೇದನ್ನೇ. ನಲವತ್ತು ಪುಟ ಉಳಿಸಿದ್ರೆ ಸಾಕಲ್ವಾ?"

"ನಲವತ್ತು ಸಾಕಾಗುತ್ತೆ, ಮೇಡಂ," ಎಂದಿದ್ದಳು ಕೆಟೂರಾ.

ಇಷ್ಟು ದಿನ ಆ ಪುಸ್ತಕ ಸಿಗಲಿ ಎಂದು ಬೇಡಿಕೊಂಡವಳು, ಆ ಏರು ಹತ್ತಿ ಮುಗಿಸುವಷ್ಟರಲ್ಲಿ ಸಿಗದಿರಲಿ ಎಂದುಕೊಂಡಳು. ಎಲ್ಲೋ ಒಂದು ಕಡೆ ಮುನ್ನೂರ ಹನ್ನೆರಡು ಪುಟ ಇಡಿಯಾಗಿ ಇದೆ ಎನ್ನುವುದೇ ವಾಸಿ. ಅವಳು ತನ್ನದೆಂದು ಬರೆದದ್ದು ಜನ್ಮದಲ್ಲಿ ಅಷ್ಟೇ.

"ನೀವೇ ಬರೆದಿದ್ದು?" ಒಲೆಯ ಪಕ್ಕದಿಂದ ಎಮೋಸ್ ಚಗ್ ಕೋಲೂರಿ ಎದ್ದು ಮಿಸ್ ವಾಶೆಲ್‌ರನ್ನು ಮೇಲಿಂದ ಕೆಳಗೆ ನೋಡಿದ. "ಮೋಟಾರು ಹಿಂದುಮುಂದಾಗಿ ಹತ್ತಿಸ್ಕೊಂಡು ಬಂದ್ರಲ್ಲ, ಆ ಅಮ್ಮಾವ್ರು ನೀವೇ? ನಾನು ಏಡಿ ಬಂತು ಅಂದ್ಕೊಂಡೆ."

"ಸುಮ್ನಿರು ತಾತ," ಎಂದಳು ಮಿಸೆಸ್ ಟ್ಯಾಪ್‌ಸ್ಕಾಟ್. "ಕೂತ್ಕೊಳ್ಳಿ ಅಮ್ಮಾವ್ರೇ. ನೀನೂ ಕೂತ್ಕೋ ತಾಯಿ. ಕೆಟಲ್ ಇಟ್ಟಿದೀನಿ."

ಚಹಾದ ಜೊತೆಗೆ ಪುಸ್ತಕದ ಕಥೆಯೂ ಬಂತು. ಹದಿಮೂರು ವರ್ಷದ ಹಿಂದೆ ಪಾದ್ರಿಯ ಮನೆಯ ಸಾಮಾನು ಹರಾಜಾದಾಗ ಬೆಣ್ಣೆಯ ಪೆಟ್ಟಿಗೆಯೊಂದರ ತಳದಲ್ಲಿ ಸಿಕ್ಕಿದ್ದು ಅದು. ಪಾದ್ರಿಯ ಹೆಂಡತಿ ಗ್ರಂಥಾಲಯಕ್ಕೆ ಹಿಂತಿರುಗಿಸಲು ಮರೆತದ್ದಿರಬೇಕು. ಮೂರನೆಯ ಭಾಗ ಒಂದೇ. ಅಂದಿನಿಂದ ಪ್ರತಿ ಚಳಿಗಾಲ ಈ ಕೋಣೆಯಲ್ಲಿ ಒಬ್ಬಳು ಓದುತ್ತಾಳೆ, ಉಳಿದವರು ಹೊಲಿಯುತ್ತಾರೆ. ಓದುವವಳ ಪಾಲಿನ ಕೈಗವಸನ್ನೂ ಅವರೇ ಹೊಲಿದು ಕೊಡಬೇಕು, ಅದು ಕಟ್ಟಳೆ.

"ಹದಿಮೂರು ಸಲ ಓದಿದೀವಿ," ಎಂದಳು ಕಿಟಕಿಯ ಹತ್ತಿರದವಳು. "ಮೊದಲೇನಾಯ್ತು ಅನ್ನೋದು ಮಾತ್ರ ಗೊತ್ತಿಲ್ಲ."

"ನನಗೆ ಗೊತ್ತು," ಎಂದ ಎಮೋಸ್. "ಪೇಷನ್ಸ್ ಟಕರ್ ಯುದ್ಧಕ್ಕೆ ಹೋಗಿದ್ಲು. ದಾದಿಯಾಗಿ. ಇಲ್ಲದಿದ್ರೆ ಕ್ಯಾಪ್ಟನ್‌ನ ಮುಖಕ್ಕೆ ಹಾಗೆ ಮಾತಾಡೋ ಧೈರ್ಯ ಎಲ್ಲಿಂದ ಬರಬೇಕು?"

"ಯುದ್ಧವಂತೆ! ನಿನ್ನ ತಲೆ. ಅವಳೇ ಡ್ರೇಕಾಟ್ ಮನೆಯ ಹಿರೀ ಮಗಳು, ಹುಟ್ಟಿದ ದಿನವೇ ಬದಲಾಯಿಸಿಬಿಟ್ಟಿದಾರೆ. ಒಂದನೇ ಭಾಗ ಪೂರ್ತಿ ಅದೇ ಇರುತ್ತೆ, ಬೇಕಾದ್ರೆ ನೋಡು." ಮಿಸೆಸ್ ಟ್ಯಾಪ್‌ಸ್ಕಾಟ್ ಮಿಸ್ ವಾಶೆಲ್ ಕಡೆ ತಿರುಗಿದಳು. "ನೀವೇ ಬರೆದಿದ್ರೆ ನೀವೇ ಹೇಳಿಬಿಡಿ. ಪೇಷನ್ಸ್ ಟಕರ್ ಒಂದನೇ ಭಾಗದಲ್ಲಿ ಏನು ಮಾಡ್ತಾಳೆ?"

ಮಿಸ್ ವಾಶೆಲ್ ಹುಬ್ಬು ಗಂಟಿಕ್ಕಿದರು. ನಾಯಕಿ ಲೇಡಿ ಇಸೋಲ್ಡಾ. ಕ್ಯಾಪ್ಟನ್ ರಾಕ್‌ಸ್ಟ್ರಾ ನಾಯಕ. ಪೇಷನ್ಸ್ ಟಕರ್ ಎಂದರೆ ಯಾರು?

"ಕೆಲಸದವಳು, ಮೇಡಂ," ಎಂದಳು ಕೆಟೂರಾ ಮೆಲ್ಲಗೆ.

"ಓ, ಆ ಹುಡುಗಿ. ಒಂದನೇ ಭಾಗದಲ್ಲಿ ಬಾಗಿಲು ತೆಗೀತಾಳೆ."

"ಆಮೇಲೆ?"

"ಹಾಕ್ತಾಳೆ."

ಯಾರೋ ಕಿಸಕ್ಕೆಂದು ನಕ್ಕರು, ಆಮೇಲೆ ಯಾರೂ ನಗಲಿಲ್ಲ.

"ಎರಡನೇದ್ರಲ್ಲಿ?"

"ಎರಡನೇದ್ರಲ್ಲಿ ತಟ್ಟೆ ಮೇಲೆ ಒಂದು ಕಾಗದ ತರ್ತಾಳೆ. ನೋಡಿ, ಅವಳ ಕಥೆಯೇ ಅಲ್ಲ ಅದು."

ಮಿಸೆಸ್ ಟ್ಯಾಪ್‌ಸ್ಕಾಟ್ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಅವಳ ದನಿ ಅಂಚೆ ಕಚೇರಿಯ ದನಿಯಾಯಿತು. "ಅಮ್ಮಾವ್ರೇ, ತಪ್ಪು ತಿಳೀಬೇಡಿ. ಕಳೆದ ವರ್ಷ ಒಬ್ಬ ಬಂದಿದ್ದ, ನಮ್ಮ ಗೋಡೆ ಗಡಿಯಾರ ಅವನ ತಾತನದು ಅಂದ. ಬಂದವರೆಲ್ಲ ಹೇಳಿದ್ದನ್ನ ನಂಬೋಕಾಗಲ್ಲ. ಪೇಷನ್ಸ್ ಟಕರ್‌ಳನ್ನ ಬಾಗಿಲಿಗೆ ನಿಲ್ಲಿಸೋರು ಈ ಪುಸ್ತಕ ಬರೆದಿರೋಕೆ ಸಾಧ್ಯ ಇಲ್ಲ. ಒಂದೇ ಒಂದು ಕೇಳ್ತೀನಿ. ಕ್ಯಾಪ್ಟನ್ ಕೊನೆಗೆ ಬಟ್ಟೆ ಒಗೆಯೋ ಮನೆಗೆ ಬಂದು, ಹ್ಯಾಟು ಕೈಲಿ ಹಿಡ್ಕೊಂಡು, ನನ್ನ ಕ್ಷಮಿಸು ಅಂತಾನಲ್ಲ. ಅವಳು ಏನಂತಾಳೆ? ಈ ಊರಲ್ಲಿ ಎಂಟು ವರ್ಷದ ಮಗೂಗೂ ಗೊತ್ತು."

ಮಿಸ್ ವಾಶೆಲ್ ಬಾಯಿ ತೆರೆದರು. ಹತ್ತೊಂಬತ್ತು ಕಾದಂಬರಿಗಳ ಕ್ಷಮಾಪಣೆಗಳೆಲ್ಲ ಅವರ ತಲೆಯಲ್ಲಿ ಸಾಲುಗಟ್ಟಿ ನಿಂತಿರಬೇಕು. "ಕ್ಷಮಿಸ್ತಾಳೆ," ಎಂದರು. "ಕಣ್ಣೀರು ಹಾಕಿ."

ಎಮೋಸ್ ಚಗ್ ಒಲೆಗೆ ಉಗುಳಿದ.

ಕೋಣೆಯಲ್ಲಿ ಚರ್ಮದ ವಾಸನೆ ಇತ್ತು, ಕೆಟಲ್ಲಿನ ಸದ್ದು ಇತ್ತು. ಈಗ ಸುಮ್ಮನಿದ್ದರೆ ಆಯಿತು ಎಂದು ಕೆಟೂರಾಗೆ ಅನಿಸಿತು. ಪುಸ್ತಕ ಇಲ್ಲೇ ಉಳಿಯುತ್ತದೆ, ಇಡಿಯಾಗಿ, ಹದಿನಾಲ್ಕನೆಯ ಚಳಿಗಾಲಕ್ಕೆ. ಮೇಡಂ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ, ಪ್ರಕಾಶಕನಿಗೆ ಕ್ಷಮೆ ಕೇಳಿ ಕಾಗದ ಬರೆಯಬೇಕಾಗುತ್ತದೆ, ಅದನ್ನು ನಕಲು ಮಾಡುವವಳೂ ತಾನೇ. ಅವಳು ಮೇಡಂ ಮುಖ ನೋಡಿದಳು. ಜಾಲರಿಯ ಒಳಗೆ ಅದು ಒಮ್ಮೆಲೆ ವಯಸ್ಸಾದ ಹೆಂಗಸಿನ ಮುಖವಾಗಿತ್ತು. ಮೂರು ಭಾಗ ಇನ್ನು ಸಾಕು ಎಂದು ಗ್ರಂಥಾಲಯದವರ ಸುತ್ತೋಲೆ ಬಂದ ದಿನ ಕಂಡ ಮುಖ ಅದೇ.

"'ಕ್ಷಮಿಸೋಕೆ ಪುರುಸೊತ್ತು ಬೇಕು, ಸಾರ್,'" ಎಂದಳು ಕೆಟೂರಾ. "'ಇವತ್ತು ಸೋಮವಾರ, ನನಗೆ ಒಗೆಯೋ ಬಟ್ಟೆ ಇದೆ. ಹಗ್ಗದ ಆ ತುದಿ ಹಿಡೀತೀರಾ, ಇಲ್ಲಾ ದಾರಿ ಬಿಡ್ತೀರಾ?'"

"ಅವನು ಏನು ಮಾಡ್ತಾನೆ?" ಕಿಟಕಿಯ ಹತ್ತಿರದವಳು ಥಟ್ಟನೆ ಕೇಳಿದಳು.

"ಹಗ್ಗ ಹಿಡೀತಾನೆ. ಆದ್ರೆ ಬಟ್ಟೆ ನೆಲಕ್ಕೆ ತಾಗೋ ಹಾಗೆ ಹಿಡೀತಾನೆ. ಅವಳು ಮತ್ತೆ ಒಗೀಬೇಕಾಗುತ್ತೆ."

"ಅದೇ! ಅದೇ!" ಎಮೋಸ್ ಕೋಲಿನಿಂದ ನೆಲ ಕುಟ್ಟಿದ. "ಗಂಡಸರು ಹಿಡಿಯೋದೇ ಹಾಗೆ ಅಂತ ನನ್ನ ಹೆಂಡತಿ ಸಾಯೋವರೆಗೂ ಹೇಳ್ತಿದ್ಲು."

ಹೆಂಗಸರು ಒಟ್ಟಿಗೆ ಮಾತಾಡತೊಡಗಿದರು. ಮಿಸೆಸ್ ಟ್ಯಾಪ್‌ಸ್ಕಾಟ್ ಎದ್ದು ಬಂದು, ಅಳತೆ ತೆಗೆದುಕೊಳ್ಳುವವಳ ಹಾಗೆ, ಕೆಟೂರಾಳ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ಕೈಗವಸಿನವರು ಮನುಷ್ಯರ ಮುಖಕ್ಕಿಂತ ಮೊದಲು ಬೆರಳು ನೋಡುತ್ತಾರೆ. ನಡುಬೆರಳಿನ ಪಕ್ಕದಲ್ಲಿ ಪೆನ್ನು ಒತ್ತಿ ಒತ್ತಿ ಗಟ್ಟಿಯಾದ ಗಂಟು ಇತ್ತು, ಮಸಿ ಅದರೊಳಗೇ ಇಳಿದುಹೋಗಿತ್ತು.

"ಇದು ಸೂಜಿಯ ಗಂಟಲ್ಲ," ಎಂದಳು ಅವಳು.

"ನಾನು ನಕಲು ಮಾಡೋಳು," ಎಂದಳು ಕೆಟೂರಾ. ಕೈ ಎಳೆದುಕೊಳ್ಳಲು ನೋಡಿದಳು, ಆ ಹೆಂಗಸು ಬಿಡಲಿಲ್ಲ. "ಮೇಡಂ ಬಾಯಲ್ಲಿ ಹೇಳ್ತಿದ್ರು, ನಾನು ಬರ್ಕೊಳ್ತಿದ್ದೆ. ಹೇಳಿದವರಿಗೆ ಮರೆತುಹೋಗುತ್ತೆ. ಬರ್ಕೊಂಡವರಿಗೆ ನೆನಪಿರುತ್ತೆ, ಅಷ್ಟೆ."

"ಬಿಡ್‌ಗುಡ್," ಎಂದರು ಮಿಸ್ ವಾಶೆಲ್.

"ಮೇಡಂ?"

"ಸುಳ್ಳು ಹೇಳಬೇಡ. ನಿನಗೆ ಅದು ಬರಲ್ಲ, ಯಾವತ್ತೂ ಬಂದಿಲ್ಲ." ಅವರು ಹಣೆಯ ಮೇಲಿನ ಕನ್ನಡಕ ಕಳಚಿ ಮಡಿಲಲ್ಲಿ ಇಟ್ಟುಕೊಂಡರು. ಯಾರನ್ನೂ ನೋಡದೆ, ಹವಾಮಾನದ ಮಾತು ಹೇಳುವ ಹಾಗೆ ಹೇಳಿದರು. "ನನಗೆ ಆ ಚಳಿಗಾಲ ವಿಷಮಶೀತ ಜ್ವರ. ನನ್ನ ಹೆಸರೇ ನನಗೆ ನೆನಪಿರಲಿಲ್ಲ, ಇನ್ನು ಕಥೆ ಹೇಳೋದೆಲ್ಲಿ ಬಂತು. ಮೂರನೇ ಭಾಗ ಇವಳದು. ಒಂದು, ಎರಡು ನನ್ನವು. ಬಾಗಿಲು ತೆಗೆಯೋದು, ಹಾಕೋದು, ಅದೆಲ್ಲ ನಂದು."

ಮಿಸೆಸ್ ಟ್ಯಾಪ್‌ಸ್ಕಾಟ್ ಅಂಗಡಿಗೆ ಹೋಗಿ, ಹಾಳೆ ಸುತ್ತಿದ ಪುಸ್ತಕವನ್ನು ಸಕ್ಕರೆ ಡಬ್ಬಗಳ ಹಿಂದಿನಿಂದ ತೆಗೆದುಕೊಂಡು ಬಂದಳು. ಹಸಿರು ಬಟ್ಟೆಯ ರಟ್ಟು ಮೂಲೆಗಳಲ್ಲಿ ಸವೆದಿತ್ತು. ಬೆನ್ನಿಗೆ ಕೈಗವಸಿನ ಚರ್ಮದ ಪಟ್ಟಿ ಹಾಕಿ ಹೊಲಿದಿದ್ದರು, ಎಷ್ಟು ಸಣ್ಣ ಹೊಲಿಗೆ ಎಂದರೆ ದಾರವೇ ಕಾಣುತ್ತಿರಲಿಲ್ಲ. ಅವಳು ಅದನ್ನು ಕೆಟೂರಾಳ ಮಡಿಲಲ್ಲಿ ಇಟ್ಟಳು.

"ತಗೊಂಡು ಹೋಗು. ಹೊಸದು ಬಂದ ಮೇಲೆ ಇದೂ ವಾಪಸ್ ಬರಬೇಕು, ಒಂದು ಎರಡೂ ಬರಬೇಕು."

"ಬರುತ್ತೆ," ಎಂದರು ಮಿಸ್ ವಾಶೆಲ್.

"ನಾನು ಇವಳನ್ನ ಕೇಳಿದ್ದು, ಅಮ್ಮಾವ್ರೇ. ಇನ್ನೊಂದು ಮಾತು. ಹೊಸದ್ರಲ್ಲಿ ಒಂದು ಹಾಳೆ ಕಮ್ಮಿಯಾದ್ರೂ ನಮಗೆ ಗೊತ್ತಾಗುತ್ತೆ. ಇಲ್ಲಿ ಎಲ್ಲರಿಗೂ ಬಾಯಿಪಾಠ."

ಕತ್ತರಿಸುವ ಪೆನ್ಸಿಲ್ಲು ಯಾರ ಕೈ ಸೇರುತ್ತದೆ ಎನ್ನುವುದು ಕೆಟೂರಾಗೆ ಗೊತ್ತಿತ್ತು. ಪುಸ್ತಕವನ್ನು ಚೀಲಕ್ಕೆ ಹಾಕದೆ ಕೋಟಿನೊಳಗೆ ಇಟ್ಟುಕೊಂಡಳು. ಹೊರಗೆ ಎಮೋಸ್ ಚಗ್ ಮೋಟಾರಿನ ಮುಂದೆ ನಿಂತು ಎಂಜಿನ್ ತಿರುಗಿಸುವ ಹಿಡಿಯನ್ನು ತಾನೇ ತಿರುಗಿಸುತ್ತೇನೆ ಎಂದು ಹಠ ಹಿಡಿದು, ಮೂರನೆಯ ಸಲಕ್ಕೆ ನೆಲದ ಮೇಲೆ ಕೂತುಬಿಟ್ಟ. ಮಿಸ್ ವಾಶೆಲ್ ಒಂದೇ ಸಲಕ್ಕೆ ತಿರುಗಿಸಿದರು. "ಇಳಿಯೋವಾಗ ಮುಖ ಯಾವ ಕಡೆಗಮ್ಮಾ?" ಎಂದು ಅವನು ಕೆಳಗಿನಿಂದಲೇ ಕೂಗಿದ.

ಗುಡ್ಡ ಇಳಿದು, ಎರಡು ಮೈಲಿ ಕಳೆದು, ಎಡಕ್ಕೆ ಕುರಿಯ ಹುಲ್ಲುಗಾವಲು ಇದ್ದಲ್ಲಿ ಮಿಸ್ ವಾಶೆಲ್ ಬ್ರೇಕು ಎಳೆದರು. ಏನೂ ಕೆಟ್ಟಿರಲಿಲ್ಲ.

"ಕೊಡು," ಎಂದರು. "ಪೆನ್ಸಿಲ್ಲೂ ಕೊಡು."

ಕೆಟೂರಾ ಎರಡನ್ನೂ ಕೊಟ್ಟಳು.

ಅವರು ಜಾಲರಿ ಮೇಲಕ್ಕೆತ್ತಿ, ಮೊದಲ ಪುಟದಿಂದ ಓದತೊಡಗಿದರು. ಎಂಜಿನ್ ಓಡುತ್ತಲೇ ಇತ್ತು, ಕೈಯಲ್ಲಿದ್ದ ಪುಟ ನಡುಗುತ್ತಿತ್ತು. ಸ್ವಲ್ಪ ಹೊತ್ತು ನೋಡಿ, ಕೆಟೂರಾ ಬಗ್ಗಿ, ಮೇಡಂ ದಿನಾ ಎಳೆಯುವ ಹಿತ್ತಾಳೆಯ ಗುಂಡಿಯನ್ನು ಎಳೆದಳು. ಎಂಜಿನ್ ನಿಂತಿತು. ಕುರಿಗಳ ಸದ್ದು ಕೇಳಿಸಿತು. ಹುಲ್ಲುಗಾವಲಿನ ಬೇಲಿಯ ನೆರಳು ಮೋಟಾರಿನ ಚಕ್ರದವರೆಗೆ ಬಂತು, ಆಮೇಲೆ ಪಾದದ ಹಲಗೆಯ ಮೇಲೆ ಹತ್ತಿತು. ಮಿಸ್ ವಾಶೆಲ್ ಒಮ್ಮೆ ನಕ್ಕರು. ಒಮ್ಮೆ ಒಂದು ಪುಟವನ್ನು ಹಿಂದಕ್ಕೆ ತಿರುಗಿಸಿ ಎರಡನೆಯ ಸಲ ಓದಿದರು. ಪೆನ್ಸಿಲ್ಲು ಬೆರಳ ಸಂದಿಯಲ್ಲೇ ಇತ್ತು. ಅದು ಕೆಳಗಿಳಿದಾಗಲೆಲ್ಲ ಕೆಟೂರಾ ಕುರಿ ಎಣಿಸಿದಳು.

ಎಂಬತ್ತನೆಯ ಪುಟದ ಹತ್ತಿರ ಅವರು ತಲೆ ಎತ್ತಿದರು.

"ಈ ಹುಡುಗಿಗೆ ಇಷ್ಟೊಂದು ಮಾತು ಎಲ್ಲಿಂದ ಬಂತು, ಬಿಡ್‌ಗುಡ್?"

"ಎರಡು ಭಾಗ ಪೂರ್ತಿ ಬಾಯಿ ಮುಚ್ಕೊಂಡಿದ್ಲಲ್ಲ, ಮೇಡಂ."

ಮಿಸ್ ವಾಶೆಲ್ ಪುಸ್ತಕದ ನಡುವೆ ತಮ್ಮ ಕೈಗವಸನ್ನು ಗುರುತಿಗೆ ಇಟ್ಟು ಮುಚ್ಚಿದರು. ಕೆಟೂರಾಳ ಕಾಲ ಬಳಿಯಿದ್ದ ಚೀಲವನ್ನು ಎಳೆದುಕೊಂಡು ಎರಡನೆಯ ಭಾಗವನ್ನು ತೆಗೆದರು. ಬೇಟೆಯ ನಾಯಿಗಳೊಂದಿಗೆ ಲೇಡಿ ಇಸೋಲ್ಡಾ ಕುದುರೆಯ ಮೇಲೆ ಇಡೀ ಮುಂಜಾನೆ ಕಳೆಯುವ ಇಪ್ಪತ್ತೆಂಟು ಪುಟಗಳ ಅಧ್ಯಾಯವನ್ನು ಬಿಡಿಸಿ, ಮೊದಲ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು, ಹಾಳೆ ತಿರುವಿದರು, ಇನ್ನೊಂದು ಎಳೆದರು.